ಸೆರಗಿನ ಮರೆಯ ಮಿರ್ಚಿ ಬನ್ನು

ನಮ್ಮ ರೂಪಾ ಮಿರ್ಚಿ ಬನ್ನು ತಿಂದಳು! ಒಂದು ಪೂರಾ, ಮೇಲೆ ಇನ್ನೊಂದರ ಅರ್ಧ. ತಿಂದದ್ದು ಹೊಟ್ಟೆಯಲ್ಲೇ ಉಳಿಯಿತು.

ಇದನ್ನು ಮೊದಲು ಹೇಳಿಬಿಟ್ಟೆ. ಈ ಸುದ್ದಿಯನ್ನು ಒಳಗಿಟ್ಟುಕೊಂಡು ಬೇರೆ ಮಾತಾಡುವ ಶಕ್ತಿ ನನಗಿಲ್ಲ. ಊರಿಗೆ ಬಂದ ಮೇಲೆ ಎದುರು ಸಿಕ್ಕವರಿಗೆಲ್ಲ ಹೇಳಿದ್ದೇನೆ. ಡೈರಿಗೆ ಹಾಲು ಹಾಕಲು ಹೋದಾಗ ಅಲ್ಲಿ ಸಾಲಾಗಿ ನಿಂತವರಿಗೂ ಹೇಳಿದೆ. ಹಾಲು ಅಳೆಯುವವನು, "ಅಜ್ಜಿ, ಮೊದ್ಲು ಕ್ಯಾನು ಕೆಳಗಿಡು, ಆಮೇಲೆ ಹೇಳೀಯಂತೆ" ಅಂದ. ಕ್ಯಾನು ಕೆಳಗಿಟ್ಟು ಇನ್ನೊಮ್ಮೆ ಹೇಳಿದೆ.

ಬನ್ನು ತಿಂದದ್ದೂ ಒಂದು ಸುದ್ದಿಯೇ ಎಂದು ನೀವು ನಗಬಹುದು. ನಗಿ. ಮೊನ್ನೆಯವರೆಗೆ ನಗಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ರೂಪಾ ನನ್ನ ಮಗ ಬಸವರಾಜನ ಮಗಳು. ಸೊರಬದ ಹತ್ತಿರ ಹೊಸಬಾಳೆಯ ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದವಳು. ಈಚೆಗೆ ಶಿಕಾರಿಪುರದ ಕಡೆ, ತಾಳಗುಂದದ ಹತ್ತಿರದ ಒಂದು ಹಳ್ಳಿಗೆ ಕೊಟ್ಟೆವು. ಅಳಿಯ ಮಂಜುನಾಥ ಒಳ್ಳೆಯ ಹುಡುಗ. ಅವರದು ಗದ್ದೆ, ಮೆಕ್ಕೆಜೋಳದ ಹೊಲ, ಒಂದು ಕುರಿಹಿಂಡು. ಮದುವೆಯಾದ ಕೆಲವೇ ತಿಂಗಳಿಗೆ ರೂಪಾ ಬಸುರಿಯಾದಳು. ಮರಿಮಗುವನ್ನು ಎತ್ತಿಕೊಳ್ಳುತ್ತೇನೆ ಎಂದು ನಾನು ಹಳೆಯ ಸೀರೆಗಳನ್ನು ಒಗೆದು, ಕೌದಿ ಹೊಲಿಯಲು ಕೂತೆ. ಅಷ್ಟರಲ್ಲಿ ಅವಳಿಗೆ ವಾಂತಿ ಶುರುವಾಯಿತು.

ಬಸುರಿಗೆ ವಾಂತಿ ಇದ್ದದ್ದೇ, ನನಗೇನು ಹೊಸದೇ? ಆದರೆ ಇವಳದು ಬೇರೆ ತರಹ. ಕುರಿಯ ವಾಸನೆಗೆ ಆಗುತ್ತಿಲ್ಲ ಎಂದು ಇಲ್ಲಿಗೆ ಕರೆತಂದರೆ ಇಲ್ಲಿ ಎಮ್ಮೆಯ ವಾಸನೆ. ಅನ್ನ ಕುದಿಯುವ ಹಬೆ ಮೂಗಿಗೆ ಬಿದ್ದರೆ ಹಿತ್ತಲಿಗೆ ಓಟ. ಸಾಸಿವೆ ಸಿಡಿದರೆ ಓಟ. ನೀರು ಕುಡಿದರೂ ಓಟ. ನಾವು ಒಗ್ಗರಣೆ ಹಾಕುವುದನ್ನೇ ಬಿಟ್ಟೆವು. ಉಣ್ಣುವುದನ್ನೂ ಕಳ್ಳರ ಹಾಗೆ ಕೊಟ್ಟಿಗೆಯಲ್ಲಿ ನಿಂತು ಉಂಡೆವು. ಹುಡುಗಿಯ ಕೈಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಶಿಕಾರಿಪುರದ ಡಾಕ್ಟರಮ್ಮ, "ತೂಕ ಇಳೀತಾ ಇದೆ. ಹೀಗೇ ಆದ್ರೆ ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕ್ಬೇಕಾಗ್ತದೆ. ತಾಯಿ ತಿನ್ನದಿದ್ರೆ ಮಗು ಎಲ್ಲಿಂದ ತಿನ್ನಬೇಕು?" ಅಂದಿದ್ದರು. ಆ ಮಾತು ಕೇಳಿದ ಮೇಲೆ ಕೌದಿಯ ಸೂಜಿಯನ್ನು ನಾನು ಮುಟ್ಟಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಜಗುಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ರೂಪಾ ತಾನಾಗಿ ಬಾಯಿ ಬಿಟ್ಟಳು.

"ಅಜ್ಜಿ, ಮಿರ್ಚಿ ಬನ್ನು ತಿನ್ನಬೇಕು ಅನ್ನಿಸ್ತದೆ."

ಬಸುರಿಯ ಬಯಕೆ! ಬಸವರಾಜ ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲದೆ ಬೈಕು ಒದ್ದ.

ಅವನು ಸೊರಬಕ್ಕೆ ಹೋಗಿ ಬರುವಷ್ಟರಲ್ಲಿ ಮಿರ್ಚಿ ಬನ್ನು ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬನ್ನನ್ನು ಅಡ್ಡಕ್ಕೆ ಸೀಳಿ, ಎಣ್ಣೆ ಸವರಿದ ಕಾವಲಿಯ ಮೇಲೆ ಬಿಸಿ ಮಾಡಿ, ಆಗ ತಾನೇ ಬಾಣಲೆಯಿಂದ ಎತ್ತಿದ ಮೆಣಸಿನಕಾಯಿ ಬಜ್ಜಿಯನ್ನು ಒಳಗಿಟ್ಟು ಅಂಗೈಯಲ್ಲಿ ಒತ್ತುತ್ತಾರೆ. ಒತ್ತಿದಾಗ ಚರಕ್ ಎನ್ನಬೇಕು. ಅಷ್ಟೇ. ಆದರೆ ಅಷ್ಟರಲ್ಲೇ ಸೊರಬದವರ ಕ್ರಮ ಒಂದು, ಶಿಕಾರಿಪುರದವರ ಕ್ರಮ ಇನ್ನೊಂದು. ನಮ್ಮ ಸೊರಬದಲ್ಲಿ ದಪ್ಪನೆಯ ತಿಳಿಹಸಿರು ಮೆಣಸಿನಕಾಯಿ. ಅದಕ್ಕೆ ಖಾರ ಕಡಿಮೆ, ಮರ್ಯಾದೆ ಜಾಸ್ತಿ. ಹಿಟ್ಟಿಗೆ ಓಂಕಾಳು, ಮೇಲೆ ಹಸಿ ಈರುಳ್ಳಿ, ನಾಲ್ಕು ಹನಿ ನಿಂಬೆರಸ. ಶಿಕಾರಿಪುರದವರದು ಬೆರಳಿನಷ್ಟು ಸಪೂರದ ಕಡುಹಸಿರು ಮೆಣಸಿನಕಾಯಿ. ಅದರ ಹೊಟ್ಟೆ ಸೀಳಿ ಉಪ್ಪು, ಜೀರಿಗೆ ತುಂಬುತ್ತಾರೆ. ಬನ್ನಿನ ಒಳಮೈಗೆ ಶೇಂಗಾ ಚಟ್ನಿಪುಡಿ ಉದುರಿಸುತ್ತಾರೆ. ಅದನ್ನು ತಿಂದರೆ ಕಿವಿಯೊಳಗೆ ಗುಂಯ್ ಎನ್ನುತ್ತದೆ. ಅದಕ್ಕೇ ಅಲ್ಲಿಯವರು ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳುವುದಿಲ್ಲ ಎಂದು ನಮ್ಮ ಯಜಮಾನರ ಅಭಿಪ್ರಾಯ.

ಸೊರಬದೊಳಗೇ ಯಾವುದು ಒಳ್ಳೆಯದು ಎಂದು ಕೇಳಿ ನೋಡಿ, ಒಂದು ಬೀದಿಯಲ್ಲಿ ಎರಡು ಪಕ್ಷವಾಗುತ್ತದೆ. ಬಸ್ ಸ್ಟ್ಯಾಂಡಿನ ಎದುರಿನ ದ್ಯಾವಪ್ಪನ ಅಂಗಡಿ ಎನ್ನುವವರು ಕೆಲವರು. ಆಸ್ಪತ್ರೆ ರಸ್ತೆಯ ತಳ್ಳುಗಾಡಿಯ ಮುಂದೆ ದ್ಯಾವಪ್ಪ ಯಾವ ಲೆಕ್ಕ ಎನ್ನುವವರು ಇನ್ನು ಕೆಲವರು. ಅಡಿಕೆ ಮಂಡಿಯ ಹಿಂದಿನ ಸಂದಿಯಲ್ಲಿ ಒಬ್ಬ ಸಂಜೆ ಹೊತ್ತು ಮಾತ್ರ ಬಾಣಲೆ ಇಡುತ್ತಾನೆ. ಅವನ ಬನ್ನು ತಿನ್ನದವರು ಸೊರಬ ನೋಡಿಯೇ ಇಲ್ಲ ಎನ್ನುವುದು ನಮ್ಮ ಯಜಮಾನರ ಮಾತು. ನಾನು ದ್ಯಾವಪ್ಪನ ಪಕ್ಷ.

ಹೀಗೆ ಈಗ ಬನ್ನಿನ ಬಗ್ಗೆ ದೊಡ್ಡ ತೀರ್ಪು ಕೊಡುವ ನಾನು ಚಿಕ್ಕಂದಿನಲ್ಲಿ ಬನ್ನನ್ನು ತಿಂಡಿ ಎಂದೇ ತಿಳಿದಿರಲಿಲ್ಲ. ಅದು ಔಷಧಿ. ಜ್ವರ ಬಂದವರಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ ಮಾತ್ರ. ಯಾರಾದರೂ ಕೈಯಲ್ಲಿ ಬನ್ನಿನ ಪೊಟ್ಟಣ ಹಿಡಿದು ಹೋಗುತ್ತಿದ್ದರೆ ದಾರಿಯಲ್ಲಿ ಸಿಕ್ಕವರು, "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಿದ್ದರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು. (ಆ ಜ್ವರದ ನೆವದಲ್ಲಿ ಶಾಲೆ ಬಿಟ್ಟವಳು ತಿರುಗಿ ಹೋಗಲಿಲ್ಲ. ಆದ್ದರಿಂದ ಇಲ್ಲಿ ಒತ್ತು, ದೀರ್ಘ ತಪ್ಪಿದ್ದರೆ ಜ್ವರವನ್ನು ಬೈಯಿರಿ.) ಅಪ್ಪ ಸೊರಬದಿಂದ ಬನ್ನು ತಂದ. ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿದ್ದು. ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದರೆ ನನ್ನ ತಮ್ಮ ಬಾಗಿಲ ಸಂದಿಯಲ್ಲಿ ನಿಂತು ನನ್ನ ಗಂಟಲು ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಿದ್ದ.

"ಅಕ್ಕಾ, ನಿಂಗೆ ಜ್ವರ ಹೆಂಗೆ ಬಂತು?" ಎಂದು ಕೇಳಿದ.

"ಕೆರೇಲಿ ಆಡಿದ್ದಕ್ಕೆ."

ಮಾರನೆಯ ದಿನ ಅವನು ಮಧ್ಯಾಹ್ನದವರೆಗೆ ಕೆರೆಯ ನೀರಿನಲ್ಲಿ ಕುತ್ತಿಗೆ ಮುಳುಗುವಷ್ಟು ಕೂತಿದ್ದ. ಜ್ವರ ಬರಲಿಲ್ಲ. ಬೆರಳೆಲ್ಲ ಮುದುಕರ ಬೆರಳಿನಂತೆ ಸುಕ್ಕಾದವು, ಅವ್ವನ ಕೈಯ ಏಟು ಬಿತ್ತು. ಬನ್ನು ಬರಲಿಲ್ಲ. ಈಗ ಅವನಿಗೂ ನನ್ನ ಹಾಗೇ ವಯಸ್ಸಾಗಿದೆ. ಮದುವೆಮನೆಗಳಲ್ಲಿ ಸಿಕ್ಕಾಗಲೂ ನನ್ನ ಎಲೆಯನ್ನು ಒಮ್ಮೆ ಓರೆಗಣ್ಣಿನಿಂದ ನೋಡುತ್ತಾನೆ.

ಖಾರದ ಬನ್ನು ನನ್ನ ಬಾಯಿಗೆ ಬಿದ್ದದ್ದು ಮದುವೆಯಾದ ಮೇಲೆ. ಭತ್ತ ಮಾಡಿಸಲು ಯಜಮಾನರು ಸೊರಬದ ಮಿಲ್ಲಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಬಸ್ ಸ್ಟ್ಯಾಂಡಿನಲ್ಲಿ ಪೊಟ್ಟಣ ತಂದು ಕೈಗಿಟ್ಟು, "ತಿನ್ನು" ಅಂದರು.

"ಇಲ್ಲೇ? ಜನ ನೋಡ್ತಾರೆ."

"ಹಂಗಾರೆ ಬಸ್ಸಲ್ಲಿ ತಿನ್ನು."

ಬಸ್ಸಿನಲ್ಲಿ ಜನ ಇಲ್ಲವೇ? ಕಿಟಕಿಯ ಕಡೆ ತಿರುಗಿ, ಸೆರಗನ್ನು ತಲೆಯ ಮೇಲಿಂದ ಮೂಗಿನವರೆಗೆ ಎಳೆದುಕೊಂಡು ತಿಂದೆ. ಅವತ್ತು ದ್ಯಾವಪ್ಪನ ಅಪ್ಪ ಯಾವ ಮೆಣಸಿನಕಾಯಿ ಹಾಕಿದ್ದನೋ, ಕಣ್ಣು ಮೂಗಲ್ಲಿ ನೀರು ಸುರಿಯಿತು. ಸೊರಸೊರ ಎನ್ನುತ್ತ ತಿನ್ನುತ್ತಿದ್ದರೆ ಕಂಡಕ್ಟರು ಬಂದು ನಮ್ಮ ಯಜಮಾನರನ್ನು ತರಾಟೆಗೆ ತೆಗೆದುಕೊಂಡ. "ಏನಯ್ಯಾ, ಹೊಸಾ ಹೆಂಡ್ತಿ ಹಿಂಗೆ ಅಳ್ತಾ ಅದಾಳೆ, ನೀನು ಆರಾಮಾಗಿ ಬೀಡಿ ಹುಡುಕ್ತೀಯಲ್ಲ?" ಬಸ್ಸಿನ ಹೆಂಗಸರೆಲ್ಲ ಅವರನ್ನು ಸುಡುವ ಹಾಗೆ ನೋಡಿದರು. ನಾನು ಬಾಯಿ ತುಂಬ ಬನ್ನು ಇಟ್ಟುಕೊಂಡು ಏನು ಹೇಳಲಿ?

ಆ ಕಾಲದಲ್ಲಿ ಹೆಂಗಸರು ನಾಲ್ಕು ಜನರೆದುರು ತಿನ್ನುತ್ತಿರಲಿಲ್ಲ. ಬಸುರಿಯಂತೂ ಇಲ್ಲವೇ ಇಲ್ಲ. ನಮ್ಮ ಅತ್ತೆಯ ಕಾನೂನು ಅದು: ಬಸುರಿ ಕೇಳಿದ್ದನ್ನು ತಂದು ಕೊಡಬೇಕು, ಅವಳು ತಿನ್ನುವುದನ್ನು ಯಾರೂ ನೋಡಬಾರದು. ನೋಡಿದರೆ ದೃಷ್ಟಿ ತಾಗಿ ತಿಂದದ್ದು ಮೈಗೆ ಹತ್ತುವುದಿಲ್ಲ. ಬಸವರಾಜ ಹೊಟ್ಟೆಯಲ್ಲಿದ್ದಾಗ ನಾನು ತಿಂದದ್ದೆಲ್ಲ ಭತ್ತದ ಕಣಜದ ಹಿಂದಿನ ಕತ್ತಲೆಯಲ್ಲಿ. ಅದಕ್ಕೇ ಇರಬೇಕು, ಇವತ್ತಿಗೂ ಕರೆಂಟು ಹೋದಾಗ ಅವನು ಎರಡು ತುತ್ತು ಜಾಸ್ತಿ ಉಣ್ಣುತ್ತಾನೆ.

ಅದೋ, ಬಸವರಾಜ ಬಂದ. ದ್ಯಾವಪ್ಪನ ಅಂಗಡಿಯ ಬನ್ನು, ಪ್ಲಾಸ್ಟಿಕ್ ಚೀಲದಲ್ಲಿ ಬೆಚ್ಚಗೆ. ಎಲ್ಲರೂ ಒಳಗೆ ಹೋಗಿ ಅವಳೊಬ್ಬಳನ್ನೇ ಜಗುಲಿಯಲ್ಲಿ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಕರೆದಳು. ಬನ್ನಿನ ಮುಚ್ಚಳ ತೆಗೆದು ನೋಡಿ, ಒಂದು ಚೂರು ಕಚ್ಚಿ, ಹಾಗೇ ಇಟ್ಟಿದ್ದಳು.

"ಇದಲ್ಲ ಅಜ್ಜಿ."

"ಇದಲ್ಲ ಅಂದ್ರೆ ಎಂತದೇ? ಸೊರಬದಲ್ಲಿ ಇದಕ್ಕಿಂತ ಒಳ್ಳೇದು ಯಾರು ಮಾಡ್ತಾರೆ ಮಾರಾಯ್ತಿ?"

"ಸೊರಬದ್ದಲ್ಲ. ಶಿಕಾರಿಪುರದ್ದು."

ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ನಾಲಿಗೆ ಆಗಲೇ ಗಂಡನ ಕಡೆ ಸೇರಿಬಿಟ್ಟಿತೇ! ಯಜಮಾನರು ಮೂಲೆಯಿಂದ, "ಮದುವೆ ದಿನವೇ ಹೇಳಿದ್ದೆ, ಹುಡುಗಿ ಕೈತಪ್ಪಿ ಹೋತು ಅಂತ" ಅಂದರು. "ಪಾಪ, ಬಾಯಿ ಕೆಟ್ಟದೆ ಅದಕ್ಕೆ. ರುಚಿ ಗೊತ್ತಾಗ್ತಿಲ್ಲ" ಎಂದು ನಾನು ಸಮಾಧಾನ ಮಾಡಿಕೊಂಡೆ.

ಮಾರನೆಯ ದಿನ ನನ್ನ ಸೊಸೆ ಸುಜಾತಾ ಆಸ್ಪತ್ರೆ ರಸ್ತೆಯ ಬನ್ನು ತಂದಳು. ಅದರ ಮರುದಿನ ಯಜಮಾನರು ಮಂಡಿಯ ಹಿಂದಿನ ಸಂದಿಯದನ್ನು ತಂದರು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೆ ಎಲ್ಲರಿಗೂ ಒಂದೇ ಹಟ, ಹೇಗಾದರೂ ಸೊರಬ ಗೆಲ್ಲಬೇಕು. ರೂಪಾ ಎಲ್ಲವನ್ನೂ ಒಂದು ಚೂರು ಕಚ್ಚಿ ಇಟ್ಟಳು. ಅವಳು ಬಿಟ್ಟ ಬನ್ನುಗಳನ್ನು ಕೊಟ್ಟಿಗೆಯಲ್ಲಿ ನಿಂತು ತಿಂದು ತಿಂದು ನನಗೆ ಎದೆಯುರಿ ಶುರುವಾಯಿತು. ಬಸುರಿ ಬತ್ತುತ್ತಿದ್ದಳು, ನನ್ನ ರವಿಕೆ ಬಿಗಿಯಾಗುತ್ತಿತ್ತು.

ಕೊನೆಗೆ ಮಂಜುನಾಥನಿಗೆ ಫೋನು ಹೋಯಿತು. ಅವನು ಶಿಕಾರಿಪುರದಿಂದ ಬೈಕಿನಲ್ಲಿ ಬಂದ. ಬನ್ನನ್ನು ಬಾಳೆಲೆಯಲ್ಲಿ ಸುತ್ತಿ, ಅದರ ಮೇಲೆ ಪೇಪರು, ಅದರ ಮೇಲೆ ಟವಲು ಸುತ್ತಿ, ಜರ್ಕಿನ್ನಿನ ಒಳಗೆ ಎದೆಗೆ ಒತ್ತಿಕೊಂಡು ತಂದಿದ್ದ. "ಆರಬಾರದಲ್ರಿ ಅಜ್ಜಿ, ಅದಕ್ಕ." ಬಿಳಿ ಅಂಗಿಯ ಮೇಲೆ ಬನ್ನಿನಷ್ಟೇ ದುಂಡಗೆ ಎಣ್ಣೆಯ ಕಲೆ. ರೂಪಾಳ ಮುಖ ಅರಳಿತು. ಒಂದು ತುತ್ತು ತಿಂದಳು. ಎರಡನೆಯದೂ ತಿಂದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಮೂರನೆಯದಕ್ಕೆ ಎದ್ದು ಹಿತ್ತಲಿಗೆ ಓಡಿದಳು.

ಮಂಜುನಾಥ ಬಾಳೆಲೆ ಹಿಡಿದುಕೊಂಡು ನಿಂತೇ ಇದ್ದ. ಶಿಕಾರಿಪುರವೂ ಸೋತಿತಲ್ಲ ಎಂದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ಪೊಟ್ಟಣದಲ್ಲಿ ಅದು ಬೆವತುಬಿಟ್ಟಿರ್ತದೆ ಅಜ್ಜಿ" ಅಂದಳು ರೂಪಾ, ಬಾಯಿ ತೊಳೆದು ಬಂದು. "ಬನ್ನು ಒದ್ದೆ ಬಟ್ಟೆ ಥರ ಆಗ್ತದೆ. ಅಲ್ಲೇ ಬಾಣಲೆ ಹತ್ರ ನಿಂತು ತಿಂದ್ರೆ ಸೇರ್ತಿತ್ತೇನೋ. ಮದುವೆಯಾದ ಹೊಸದ್ರಲ್ಲಿ ನಾವಿಬ್ರೂ ಹಂಗೇ ತಿಂದಿದ್ವಿ."

"ಬಸ್ ಸ್ಟ್ಯಾಂಡಲ್ಲಿ ನಿಂತು? ಈ ಹೊಟ್ಟೆ ಇಟ್ಕೊಂಡು? ನೂರು ಜನರ ಕಣ್ಣೆದುರು? ಸುಮ್ನಿರೇ."

ನನ್ನ ಮಾತಿಗೆ ಬಲ ಬರಲಿ ಎಂದು ಬೀಗಿತಿ ಗಂಗಮ್ಮನಿಗೆ, ಅಂದರೆ ಮಂಜುನಾಥನ ತಾಯಿಗೆ, ಫೋನು ಮಾಡಿಸಿದೆ. ಮದುವೆಯಲ್ಲಿ ನಾವಿಬ್ಬರೂ ಒಂದು ವಿಷಯಕ್ಕೂ ಒಪ್ಪಿದವರಲ್ಲ. ಧಾರೆ ಸೀರೆಯ ಬಣ್ಣದಿಂದ ಹಿಡಿದು ಊಟಕ್ಕೆ ಬೂಂದಿಯೋ ಹೋಳಿಗೆಯೋ ಎನ್ನುವವರೆಗೆ ಅವಳದೊಂದು, ನನ್ನದೊಂದು. ಈಗ ಮಾತ್ರ ಅವಳು ಒಂದೇ ಮಾತಿಗೆ ಒಪ್ಪಿದಳು.

"ಬ್ಯಾಡ್ರಿ ಬೀಗ್ತೇರೇ, ಬ್ಯಾಡ್ರಿ! ನಮ್ಮ ಕಡೀಗೂ ಹಂಗ ಹೊರಗ ತಿನ್ನಂಗಿಲ್ಲ. ಬಸ್ಟ್ಯಾಂಡಿನಾಗ ಎಂತೆಂಥಾ ಕಣ್ಣು ಇರ್ತಾವ ಏನೋ!"

ನಾವಿಬ್ಬರೂ ಮೊದಲ ಸಲ ಒಂದಾದೆವು. ಆ ಬಡಪಾಯಿ ಹುಡುಗಿಯ ಬಾಯಿಗೆ ಅಡ್ಡವಾಗಿ.

ಡಾಕ್ಟರಮ್ಮ ಬರಹೇಳಿದ ದಿನ ಬಂತು. ಪಕ್ಕದ ಮನೆಯವರ ಕಾರು ಕೇಳಿ ತಂದು ಬಸವರಾಜ ನನ್ನನ್ನೂ ರೂಪಾಳನ್ನೂ ಕರೆದುಕೊಂಡು ಹೊರಟ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಎರಡು ಕಡೆ ಕಾರು ನಿಲ್ಲಿಸಬೇಕಾಯಿತು. ಹೊಟ್ಟೆಯಲ್ಲಿ ಏನಿದೆ ಎಂದು ಬರಬೇಕು? ಬರೀ ಹಳದಿ ನೀರು. ನಾನು ಅವಳ ಹಣೆ ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ಬಗ್ಗಿ ನಿಂತಿದ್ದೆ. ನನ್ನ ಅಂಗೈಯೊಳಗೆ ಆ ಹಣೆ ಎಷ್ಟು ಚಿಕ್ಕದಾಗಿತ್ತು ಎಂದರೆ, ಅವಳು ಎರಡು ಜಡೆ ಹಾಕಿಸಿಕೊಂಡು ನನ್ನ ಮುಂದೆ ಕೂರುತ್ತಿದ್ದಳಲ್ಲ, ಆಗಿನಷ್ಟೇ.

ಶಿಕಾರಿಪುರದ ಆಸ್ಪತ್ರೆಯಲ್ಲಿ ಮಂಜುನಾಥನೂ ಗಂಗಮ್ಮನೂ ಕಾಯುತ್ತಿದ್ದರು. ತೂಕ ನೋಡಿದರು. ಇನ್ನೂ ಇಳಿದಿತ್ತು.

"ನಾಳೆ ಬೆಳಿಗ್ಗೆ ಬಂದು ಅಡ್ಮಿಟ್ ಆಗ್ಲಿ" ಅಂದರು ಡಾಕ್ಟರಮ್ಮ. "ಅಷ್ಟರೊಳಗೆ ಏನಾದ್ರೂ ಹೊಟ್ಟೇಲಿ ನಿಂತ್ರೆ ಆಗ ನೋಡೋಣ."

"ಅವಳು ಮಿರ್ಚಿ ಬನ್ನು ಕೇಳ್ತಾಳೆ ತಾಯಿ. ಕೊಡಬಹುದಾ?"

ಅವರು ನಕ್ಕರು. "ಅಜ್ಜಿ, ಅವಳ ಬಾಯಿ ಏನು ಕೇಳ್ತದೋ ಅದನ್ನ ಕೊಡಿ ಮೊದ್ಲು. ಖಾರ ಆದ್ರೆ ಮೆಣಸಿನಕಾಯಿ ತೆಗೆದು ಕೊಡಿ."

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನೂ ಗಂಗಮ್ಮನೂ ಪಂಚಾಯಿತಿ ಶುರು ಮಾಡಿದೆವು. ಪಾರ್ಸೆಲ್ ತಂದು ಕಾರಿನೊಳಗೆ ಕೂರಿಸಿ, ಕಿಟಕಿಗೆ ಟವಲು ಕಟ್ಟಿ ತಿನ್ನಿಸೋಣ ಎಂದು ಅವಳು. ಕಾರಿನ ವಾಸನೆಗೇ ವಾಂತಿಯಾಗುತ್ತದೆ, ಯಾರದಾದರೂ ಮನೆಯ ಹಿತ್ತಲು ಸಿಗುತ್ತದೇನೋ ನೋಡೋಣ ಎಂದು ನಾನು. ರೂಪಾ ಕಂಬ ಹಿಡಿದು ನಿಂತಿದ್ದಳು. ಸುಲಭಕ್ಕೆ ಅಳುವ ಹುಡುಗಿಯಲ್ಲ ಅವಳು. ಕೈಮುರಿದುಕೊಂಡಾಗಲೂ ಅತ್ತವಳಲ್ಲ. ಈಗ ಕಣ್ಣಲ್ಲಿ ನೀರು ತುಂಬಿತು.

"ಯಾರ ಕಣ್ಣು ತಾಗ್ತದೆ ಅಂತ ಹೆದರ್ತೀರಿ ಅಜ್ಜಿ? ದೃಷ್ಟಿ ತಾಗೋಕಾದ್ರೂ ಮೈಮೇಲೆ ಏನಾದ್ರೂ ಉಳಿದಿರಬೇಕಲ್ಲ. ನೀವಿಬ್ರೂ ಹೀಗೇ ಕಾಯ್ತಾ ಇರಿ, ನಾನು ಬತ್ತಿ ಹೋಗ್ತೀನಿ."

ಗಂಗಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಮಂಜುನಾಥ ಮುಂದೆ ನಡೆದ, ನಾವು ಹಿಂದೆ.

ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಹಾಲಮ್ಮ ಎಂಬ ಹೆಂಗಸಿನ ತಳ್ಳುಗಾಡಿ. ಗಟ್ಟಿಮುಟ್ಟು ಹೆಂಗಸು, ಅಷ್ಟಗಲದ ಮೂಗುಬೊಟ್ಟು. ಸಂಜೆಯ ಬಸ್ಸುಗಳು ಬರುವ ಹೊತ್ತು. ಎಲ್ಲಿ ನೋಡಿದರೂ ಜನ. ನಾನು ಗಾಡಿಯ ಹತ್ತಿರ ಹೋಗಿ ಮೆಲ್ಲಗೆ, "ತಂಗಿ, ಹುಡುಗಿ ಬಸುರಿ. ಸ್ವಲ್ಪ ಮರೆ ಬೇಕಿತ್ತು" ಅಂದೆ.

"ಇದು ಬೀದಿ ಐತ್ರಿ ಅಜ್ಜಿ. ಮರಿ ಎಲ್ಲಿಂದ ತರ್ಲಿ? ನನ್ನ ಹಿಂದ ನಿಂದರ್ಸ್ರಿ. ನಾನೇ ಒಂದು ಗ್ವಾಡಿ ಇದ್ದಂಗ ಅದೀನಿ."

ಅಷ್ಟು ಸಾಲದು ಎನಿಸಿತು. ರೂಪಾಳನ್ನು ಗಾಡಿಯ ಹಿಂದೆ ನಿಲ್ಲಿಸಿ, ನನ್ನ ಸೆರಗನ್ನು ಹೆಗಲಿನಿಂದ ತೆಗೆದು ಎರಡು ಕೈಯಲ್ಲಿ ಎತ್ತಿ ಹಿಡಿದೆ. ಒಂದು ಕಡೆ ಮರೆಯಾಯಿತು, ಇನ್ನೊಂದು ಕಡೆ ಬಯಲು. ಗಂಗಮ್ಮ ಮರುಮಾತಿಲ್ಲದೆ ತನ್ನ ಸೆರಗು ತೆಗೆದು ಆ ಕಡೆ ಹಿಡಿದಳು. ನನ್ನದು ಕಂದು, ಅವಳದು ಅರಿಶಿನ. ಎರಡರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸೇರಿಸಿಕೊಂಡು, ಕೈ ಮೇಲೆತ್ತಿ, ಬೀಗಿತಿಯರಿಬ್ಬರೂ ಕಂಬಗಳಾದೆವು. ಹೊರಗೆ ಬಸವರಾಜನೂ ಮಂಜುನಾಥನೂ ಪೊಲೀಸರ ಹಾಗೆ ನಿಂತರು. ಹಾಲಮ್ಮ ಬಿಸಿ ಬನ್ನು ಒತ್ತಿ ಒಳಗೆ ಕೊಟ್ಟಳು.

ಯಾರೂ ನೋಡಬಾರದು ಎಂದು ಮಾಡಿದ ಏರ್ಪಾಡು. ಅರೆಗಳಿಗೆಯಲ್ಲಿ ಇಡೀ ಬಸ್ ಸ್ಟ್ಯಾಂಡು ನಮ್ಮನ್ನೇ ನೋಡುತ್ತಿತ್ತು.

"ಏನ್ರಿ ಅದು, ಒಳಗ ಯಾರದಾರ?" ಎಂದು ಒಬ್ಬ ಕೇಳಿದ.

"ಯಾರೋ ಹೆಂಗಸು. ಬಸುರಿ ಅಂತ ಕಾಣ್ತೈತಿ" ಎಂದು ಇನ್ನೊಬ್ಬ.

"ಅಯ್ಯೋ, ಹೆರಿಗಿ ಏನ್ರಿ? ಯಾರರ ನರ್ಸಮ್ಮನ್ನ ಕರೀರೋ!"

ಗುಂಪು ಸೇರಿತು. ಹೊರಡಲಿದ್ದ ಬಸ್ಸನ್ನು ಕಂಡಕ್ಟರು ಸೀಟಿ ಊದಿ ನಿಲ್ಲಿಸಿದ. ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. ಒಬ್ಬ ಮುದುಕಿ ಬಿಸಿನೀರಿಗಾಗಿ ಪಕ್ಕದ ಚಹದಂಗಡಿಗೆ ಓಡಿದಳು. ಹಲ್ಲಿನಲ್ಲಿ ಸೆರಗು ಕಚ್ಚಿದ್ದ ನಮಗೆ ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಬಸವರಾಜ ತೊದಲುತ್ತಿದ್ದ. ಆಗ ಹಾಲಮ್ಮ ಬಜ್ಜಿ ತೆಗೆಯುವ ಸೌಟನ್ನು ಮೇಲೆತ್ತಿ, ಶಿಕಾರಿಪುರಕ್ಕೆಲ್ಲ ಕೇಳುವ ಹಾಗೆ ಕೂಗಿದಳು.

"ಹೆರಿಗೀನೂ ಇಲ್ಲ, ಏನೂ ಇಲ್ರಪ್ಪೋ! ಬಸುರಿ ಹುಡುಗಿ ಮಿರ್ಚಿ ಬನ್ನು ತಿನ್ನಾಕತ್ತಾಳ! ಯಾರೂ ನೋಡಬಾರ್ದಂತ! ಆ ಕಡಿ ತಿರುಗ್ರಿ ಎಲ್ಲಾರೂ!"

ಎಲ್ಲಿಲ್ಲದ ಮೌನ. ನೀವು ನಂಬುತ್ತೀರೋ ಇಲ್ಲವೋ, ಅರ್ಧಕ್ಕರ್ಧ ಜನ ನಿಜವಾಗಿಯೂ ಆ ಕಡೆ ತಿರುಗಿದರು.

ಆ ಮೌನದಲ್ಲಿ ಒಳಗಿನಿಂದ ಚರಕ್ ಎಂದು ಬನ್ನು ಕಚ್ಚಿದ ಸದ್ದು ಬಂತು.

ನಾನು ಕುತ್ತಿಗೆ ಹೊರಳಿಸಿ ನಿಂತಿದ್ದೆ, ಆದರೂ ಕಣ್ಣು ಕೇಳಬೇಕಲ್ಲ, ಇಣುಕಿದೆ. ರೂಪಾ ಮೆಣಸಿನಕಾಯಿ ತೆಗೆದಿರಲೂ ಇಲ್ಲ. ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಎರಡನೆಯ ತುತ್ತು. ಮೂರನೆಯ ತುತ್ತು. ಬನ್ನು ಮುಗಿಯಿತು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಳು. ನನಗೆ ಆ ನಿಲುವು ಗೊತ್ತು. ಹಿತ್ತಲಿಗೆ ಓಡುವ ಮುಂಚೆ ಹಾಗೇ ನಿಲ್ಲುತ್ತಾಳೆ. ಗಂಗಮ್ಮ ಹಲ್ಲಿನ ಸಂದಿಯಿಂದ ಯಾವುದೋ ದೇವರ ಹೆಸರು ಹೇಳುತ್ತಿದ್ದಳು. ನನಗೆ ಯಾವ ದೇವರೂ ನೆನಪಾಗಲಿಲ್ಲ. ನಿಲ್ಲು, ನಿಲ್ಲು, ನಿಲ್ಲು ಎಂದು ಮನಸ್ಸಿನಲ್ಲೇ ಆ ಬನ್ನಿಗೆ ಕೈಮುಗಿದೆ.

ರೂಪಾ ತೇಗಿದಳು.

ಎಂಥ ತೇಗು ಅಂತೀರಿ! ಉಂಡು ತುಂಬಿದ ಗಂಡಾಳು ತೇಗುವ ತೇಗು. ನನ್ನ ಬಾಯಿಂದ ಸೆರಗು ಬಿತ್ತು.

"ಅಜ್ಜಿ, ಅತ್ತೆ, ಕೈ ಇಳಿಸ್ರಿ. ಎಷ್ಟೊತ್ತು ಹಂಗೇ ನಿಲ್ತೀರಿ?" ಅಂದಳು. ಆಮೇಲೆ ಹಾಲಮ್ಮನ ಕಡೆ ತಿರುಗಿ, "ಅಕ್ಕಾ, ಇನ್ನೊಂದು."

ಆ ಇನ್ನೊಂದನ್ನು ಅವಳು ಬಯಲಿನಲ್ಲಿ, ಎಲ್ಲರೆದುರು, ಗಂಡನಿಗೆ ಅರ್ಧ ಮುರಿದುಕೊಟ್ಟು ತಿಂದಳು. ಬಿಸಿನೀರಿನ ಲೋಟ ಹಿಡಿದು ಓಡಿಬಂದ ಮುದುಕಿ ಸುಸ್ತಾಗಿ, "ಕೂಸು ಎಲ್ಲೈತಿ?" ಎಂದು ಕೇಳಿದಳು. ಹೊಟ್ಟೆಯೊಳಗೇ ಇದೆ ಎಂದು ತಿಳಿದ ಮೇಲೆ, "ಹಂಗಾರ ತಿನ್ನು ನನ್ನವ್ವ, ತಿನ್ನು. ಇಬ್ಬರ ಪಾಲೂ ತಿನ್ನು" ಎಂದು ನೆಟಿಗೆ ಮುರಿದಳು. ಬಸ್ಸಿನ ಕಿಟಕಿಯಿಂದ ಯಾರೋ, "ಎರಡನೇದು ಮುಗೀತಾ?" ಎಂದು ಕೂಗಿದರು. ಕಂಡಕ್ಟರು ನಗುತ್ತ ರೈಟ್ ಅಂದ.

"ನೋಡ್ರಿ ಅಜ್ಜಿ" ಅಂದಳು ಹಾಲಮ್ಮ, ಬಾಣಲೆಗೆ ಇನ್ನೊಂದು ಸಾಲು ಮೆಣಸಿನಕಾಯಿ ಬಿಡುತ್ತ. "ಇಷ್ಟು ಮಂದಿ ತಿನ್ನು ತಿನ್ನು ಅಂದ ಮ್ಯಾಲೆ ಇನ್ಯಾವ ದೃಷ್ಟಿ ತಾಗ್ತೈತಿ?"

ನನಗೂ ಒಂದು ಕೊಟ್ಟಳು. ತಿಂದೆ, ನಾಲ್ಕು ಜನರೆದುರು, ತಲೆಯ ಮೇಲೆ ಸೆರಗಿಲ್ಲದೆ. ಶೇಂಗಾಪುಡಿ ನಾಲಿಗೆಗೆ ಹಿತವಾಗಿತ್ತು. ಖಾರ ನೆತ್ತಿಗೇರಿ ಕಣ್ಣಿನಲ್ಲಿ ನೀರು ಬಂತು. ಅದು ಖಾರದ ನೀರು ಎಂದು ಗಂಗಮ್ಮನಿಗೆ ಹೇಳಿದೆ. ಅವಳ ಕಣ್ಣಿನಲ್ಲೂ ಖಾರದ ನೀರೇ ಇತ್ತು. "ಹೆಂಗೈತ್ರಿ ನಮ್ಮೂರ ಬನ್ನು?" ಎಂದು ಕೇಳಿದಳು. "ಮಿರ್ಚಿ ಅಡ್ಡಿಲ್ಲ ಬೀಗ್ತಿ. ಬನ್ನು ಮಾತ್ರ ನಮ್ಮ ಸೊರಬದ್ದು ಮೆತ್ತಗೆ" ಅಂದೆ. ಎಷ್ಟಾದರೂ ದ್ಯಾವಪ್ಪನ ಪಕ್ಷ ನಾನು.

ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ನೋಡಿ, ಅಡ್ಮಿಟ್ ಬೇಡ, ಹೀಗೇ ಸ್ವಲ್ಪ ಸ್ವಲ್ಪ ತಿನ್ನಲಿ, ನಾಲ್ಕು ದಿನ ಬಿಟ್ಟು ಬನ್ನಿ ಅಂದರು. ಆದರೆ ನಾನು ಹೇಳಬೇಕಾದದ್ದು ಅದರ ಹಿಂದಿನ ರಾತ್ರಿಯದು.

ಅವತ್ತು ರಾತ್ರಿ ಹೊಸಬಾಳೆಗೆ ಹೋಗುವುದು ಬೇಡ ಎಂದು ಗಂಗಮ್ಮ ನಮ್ಮನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಸುದ್ದಿ ಕೇಳಿ ಸುಜಾತಾ ಮತ್ತು ಯಜಮಾನರು ಎಮ್ಮೆಯನ್ನು ಪಕ್ಕದ ಮನೆಗೆ ಒಪ್ಪಿಸಿ ಬಸ್ಸು ಹತ್ತಿ ಬಂದರು. ಮಗಳು ಬಾಗಿಲಲ್ಲಿ ನಿಂತದ್ದನ್ನು ನೋಡಿ ಸುಜಾತಾ ಅವಳ ಕೆನ್ನೆ ಸವರಿದಳು. ಅಷ್ಟು ಹೊತ್ತಿಗೆ ಗಂಗಮ್ಮ ರೊಟ್ಟಿ ಬಡಿದು, ಹುರುಳಿಕಾಳಿನ ಸಾರು ಮಾಡಿದ್ದಳು. ನಡುಮನೆಯಲ್ಲಿ ಚಾಪೆ ಹಾಸಿ, ಪಾತ್ರೆಗಳನ್ನು ನಡುವೆ ಇಟ್ಟು, ಬಡಿಸುವವರೂ ಉಣ್ಣುವವರೂ ಎಂದಿಲ್ಲದೆ ಎಲ್ಲರೂ ಸುತ್ತ ಕೂತೆವು. ರೂಪಾ ನಮ್ಮ ನಡುವೆ ಬಂದು ಕೂತು ತಟ್ಟೆ ಎಳೆದುಕೊಂಡಳು.

ಅವಳು ನಮ್ಮ ಜೊತೆ ತಟ್ಟೆ ಮುಂದೆ ಕೂತು ಎಷ್ಟು ಕಾಲವಾಗಿತ್ತು! ನೋಡಬೇಡಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಆದರೂ ಒಬ್ಬರೂ ಅವಳ ಕಡೆ ನೋಡಲಿಲ್ಲ. ಬಸವರಾಜ ತನ್ನ ತಟ್ಟೆಯ ಅಂಚನ್ನೇ ನೋಡುತ್ತಿದ್ದ. ಮಂಜುನಾಥ ಉಪ್ಪಿನಕಾಯಿ ನೋಡುತ್ತಿದ್ದ. ಯಜಮಾನರಂತೂ ರೊಟ್ಟಿಯ ಮೇಲಿನ ಸುಟ್ಟ ಕಲೆಗಳನ್ನು ತಾಳಗುಂದದ ಶಾಸನ ಓದುವವರಂತೆ ಬಗ್ಗಿ ಓದುತ್ತಿದ್ದರು. ನಾನು ಕಿವಿಗೊಟ್ಟು ಕೂತಿದ್ದೆ. ರೊಟ್ಟಿ ಮುರಿದ ಸದ್ದು. ಅಗಿದ ಸದ್ದು. ನುಂಗಿದ್ದು ಕೇಳಿಸಿತೋ, ಕೇಳಿಸಿತು ಎಂದು ನನಗೆ ಅನ್ನಿಸಿತೋ. ಮತ್ತೆ ರೊಟ್ಟಿ ಮುರಿದ ಸದ್ದು.

"ಎಂತಕ್ಕೆ ಎಲ್ಲರೂ ತಲೆ ತಗ್ಗಿಸಿ ಕೂತೀರಿ?" ಅಂದಳು ರೂಪಾ. "ಯಾರೂ ಉಣ್ತಾನೇ ಇಲ್ಲ. ಆ ಸಾರು ಇತ್ತ ತಳ್ಳಿ, ನಂಗೆ ಸಾಲಲ್ಲ."

ಎಲ್ಲರ ಕೈಯೂ ಒಟ್ಟಿಗೇ ಸಾರಿನ ಪಾತ್ರೆಗೆ ಹೋಯಿತು.